ಒಂಬತ್ತು ಸೆಕೆಂಡಿನ ಯಂತ್ರ, ಮೂರು ತಾಸಿನ ಅತಿಥಿ

ಕಳೆದ ವಾರ ಧಾರವಾಡದ ಹತ್ತಿರದ ಶಾಲೆಯೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ಉದ್ಘಾಟನೆಯಾದ ಫೋಟೋವನ್ನು ನೀವೂ ನೋಡಿರುತ್ತೀರಿ. ಹಳದಿ ಪೇಟ ಸುತ್ತಿಸಿಕೊಂಡ ಮಾನ್ಯರು ಮಾನಿಟರಿನ ಕಡೆಗೆ ಬೆರಳು ಚಾಚಿದ್ದಾರೆ. ಹಿಂದೆ ಹದಿನೇಳು ಮಂದಿ ಆ ಬೆರಳನ್ನೇ ನೋಡುತ್ತಿದ್ದಾರೆ. ಎಡ ಮೂಲೆಯಲ್ಲಿ ಅರ್ಧ ಕಿವಿ ಮಾತ್ರ ಕಾಣುತ್ತದಲ್ಲ, ಅದು ನಮ್ಮ ಅಣ್ಣನ ಮಗನದು. ಹತ್ತೂ ಯಂತ್ರಗಳಿಗೆ ಜೀವ ಕೊಟ್ಟವನು ಅವನೇ ಆದ್ದರಿಂದ ಅರ್ಧ ಕಿವಿಯಷ್ಟು ಜಾಗ ಸಿಕ್ಕಿತು.

ಯಂತ್ರಗಳು ಹೊಸವಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯುಷ್ಯ ಮುಗಿಯಿತು. ವಿಂಡೋಸ್ 11 ಈ ಮುದಿ ಪೆಟ್ಟಿಗೆಗಳನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳಲಿಲ್ಲ. ಹುಬ್ಬಳ್ಳಿಯ ಕಚೇರಿಯೊಂದು ಇವನ್ನು ಗುಜರಿಗೆ ಹಾಕಲು ಹೊರಟಾಗ ಹುಡುಗರು ಹೊತ್ತು ತಂದರು. ಹಳೆಯ ಹಾರ್ಡ್ ಡಿಸ್ಕ್ ಕಿತ್ತು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಕೂರಿಸಿ, ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದರು. ಈಗ ಗುಂಡಿ ಒತ್ತಿದರೆ ಒಂಬತ್ತು ಸೆಕೆಂಡಿಗೆ ಲಾಗಿನ್ ಪರದೆ. “ಲಿನಕ್ಸಿಗೂ ಮೊದಲು ಎದ್ದು ಯಂತ್ರವನ್ನು ತಡವುವ ಬಯಾಸ್ ತೆಗೆದುಕೊಳ್ಳುವ ಸಮಯವನ್ನು ಲೆಕ್ಕಕ್ಕೆ ಹಿಡಿಯಬಾರದು ಕಾಕಾ, ಅದು ನಮ್ಮದಲ್ಲ” ಎನ್ನುತ್ತಾನೆ ಅಣ್ಣನ ಮಗ. ಡ್ರೈವರ್ ಬಂದು ಕುಳಿತ ಮೇಲಷ್ಟೇ ಪ್ರಯಾಣದ ಸಮಯ ಎಣಿಸುವ ಬಸ್ಸಿನವರ ಲೆಕ್ಕವೂ ಇದೇ.

ಮೊದಲ ದಿನ ಮೂವತ್ತೊಂದು ಸೆಕೆಂಡು ಹಿಡಿಯುತ್ತಿತ್ತಂತೆ. ಅದನ್ನು ಒಂಬತ್ತಕ್ಕೆ ಇಳಿಸಲು ಅವನಿಗೆ ಮೂರು ಭಾನುವಾರ ಬೇಕಾದವು. ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲು ಇವನಿಗೇ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಮ್ಮ ವೈನಿಯನ್ನು ಕೇಳಿ. ಆ ಅಂಕಿಯನ್ನು ಅಚ್ಚು ಹಾಕುವಂತಿಲ್ಲ.

ನನಗೆ ಇಷ್ಟು ಅವಸರದ ಯಂತ್ರಗಳನ್ನು ಕಂಡರೆ ಸ್ವಲ್ಪ ಸಂಶಯವೇ. ಇಪ್ಪತ್ತು ವರ್ಷಗಳ ಹಿಂದೆ ಕಚೇರಿಯಲ್ಲಿ ಕಂಪ್ಯೂಟರಿನ ಗುಂಡಿ ಒತ್ತಿ ನಾವು ಗಿರ್ಮಿಟ್ ತಿನ್ನಲು ಹೋಗುತ್ತಿದ್ದೆವು. ಅಂಗಡಿಯವನು ಚುರುಮುರಿಗೆ ಹುಣಸೆ ಮತ್ತು ಉಳ್ಳಾಗಡ್ಡಿಯ ಗೊಜ್ಜು ಕಲಸಿ, ಮೇಲೆ ಪುಠಾಣಿ ಹಿಟ್ಟು ಉದುರಿಸಿ, ಪಕ್ಕದಲ್ಲಿ ಬಿಸಿ ಮಿರ್ಚಿ ಇಟ್ಟು ಕೊಡುವನು. ತಿಂದು, ಚಹಾ ಕುಡಿದು, ಸಾಹೇಬರ ವರ್ಗಾವಣೆಯ ಸುದ್ದಿಯನ್ನು ಚರ್ಚಿಸಿ ಬಂದರೂ ಡಿಸ್ಕು ಒಳಗೆ ಇನ್ನೂ ಕರಕರ ಎನ್ನುತ್ತಿರುತ್ತಿತ್ತು. “ಸಿಸ್ಟಮ್ ಇನ್ನೂ ಆನ್ ಆಗುತ್ತಿದೆ ಸರ್” ಎಂಬ ಮಾತಿಗೆ ಆಗ ವೈದ್ಯರ ಸರ್ಟಿಫಿಕೇಟಿನಷ್ಟು ತೂಕವಿತ್ತು. ನಮ್ಮ ವಿಭಾಗದ ಒಂದು ಮದುವೆಯೇ ಈ ವಿರಾಮದಲ್ಲಿ ಕುದುರಿತು. ಒಂಬತ್ತು ಸೆಕೆಂಡಿನಲ್ಲಿ ಯಾರ ಮದುವೆ ಕುದುರುತ್ತದೆ?

ಈ ಚಟ ನಮ್ಮ ಹುಡುಗನಿಂದ ಆರಂಭವಾದದ್ದಲ್ಲ. 2008ರಲ್ಲಿ ಇಂಟೆಲ್‌ನ ಇಬ್ಬರು ಎಂಜಿನಿಯರುಗಳು ಏಸಸ್ ಈ ಪಿಸಿ ಎಂಬ ಅಗ್ಗದ ಪುಟಾಣಿ ಲ್ಯಾಪ್‌ಟಾಪಿನಲ್ಲಿ ಲಿನಕ್ಸನ್ನು ಐದೇ ಸೆಕೆಂಡಿಗೆ ಎಬ್ಬಿಸಿ ತೋರಿಸಿದ್ದರು. ಐದು ಎಂದು ಮೊದಲೇ ಗೆರೆ ಎಳೆದು, ಲಿನಕ್ಸಿನ ತಿರುಳಾದ ಕರ್ನಲ್‌ಗೆ ಒಂದು ಸೆಕೆಂಡು, ಉಳಿದವರಿಗೆ ಇಷ್ಟಿಷ್ಟು ಎಂದು ಹಂಚಿದ್ದರು. ಹಂಚಿದ್ದರಲ್ಲೇ ಎಲ್ಲರೂ ಕೆಲಸ ಮುಗಿಸಿದರು. ನಮ್ಮ ಕಡೆಯ ಗುತ್ತಿಗೆದಾರರು ಓದಿದರೆ ನಂಬಲಾರರು.

2010ರಲ್ಲಿ, ಲಿನಕ್ಸಿನ ಹಿನ್ನೆಲೆಯಲ್ಲಿ ಓಡುವ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಎಂಬ ತಂತ್ರಾಂಶ ಜರ್ಮನಿಯ ಕಡೆಯಿಂದ ಬಂತು. ಅದಕ್ಕೂ ಮುಂಚೆ ಯಂತ್ರದೊಳಗಿನ ಸೇವೆಗಳು ಹೆಚ್ಚಾಗಿ ಪಡಿತರ ಅಂಗಡಿಯ ಸಾಲಿನಂತೆ ಒಂದರ ಹಿಂದೆ ಒಂದು ಏಳುತ್ತಿದ್ದವು. ಸಿಸ್ಟಮ್‌ಡಿ ಹಾಗಲ್ಲ. ಕೆಲಸದವನು ಕಣ್ಣು ಬಿಡುವ ಮುಂಚೆಯೇ ಅವನ ಕಿಟಕಿಯನ್ನು ತೆರೆದಿಡುತ್ತದೆ. ಕೇಳಲು ಬಂದವರು ಅರ್ಜಿ ಹಾಕಿ ತಮ್ಮ ಕೆಲಸ ನೋಡಿಕೊಳ್ಳಬಹುದು, ಅವನು ಎದ್ದ ಮೇಲೆ ಓದಿಕೊಳ್ಳುತ್ತಾನೆ. ಹಳೇ ಬಸ್ ನಿಲ್ದಾಣದಲ್ಲಿ ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವ ನಮಗೆ ಇದನ್ನು ಯಾರೂ ಜರ್ಮನಿಯಿಂದ ಬಂದು ಕಲಿಸಬೇಕಾಗಿರಲಿಲ್ಲ.

ಆದರೆ ಆ ಸಿಸ್ಟಮ್‌ಡಿಯಲ್ಲಿರುವ ಒಂದು ಆದೇಶ ಮಾತ್ರ ನಮ್ಮಲ್ಲಿ ಹುಟ್ಟಲು ಸಾಧ್ಯವೇ ಇರಲಿಲ್ಲ. ‘ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್’ ಎಂದು ಟೈಪಿಸಿದರೆ ಯಂತ್ರ ಏಳುವಾಗ ಯಾರು ಯಾರು ಎಷ್ಟು ಹೊತ್ತು ತಿಂದರು ಎಂಬ ಪಟ್ಟಿ ಬರುತ್ತದೆ. ಹೆಸರು ಸಹಿತ, ಮಿಲಿಸೆಕೆಂಡು ಸಹಿತ, ಅತಿ ಹೆಚ್ಚು ತಿಂದವನು ಮೊದಲು. ತನಿಖಾ ಸಮಿತಿ ಇಲ್ಲ, ಅದರ ಅವಧಿ ವಿಸ್ತರಣೆಯೂ ಇಲ್ಲ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಎಂದಿತು. ನವಲಗುಂದ, ನರಗುಂದದ ರೈತರು ಅದಕ್ಕೂ ಮೊದಲಿನಿಂದ ಬೀದಿಯಲ್ಲಿ ಕುಳಿತಿದ್ದರು. ಅಲ್ಲೊಂದು ಕೀಬೋರ್ಡ್ ಇಟ್ಟು ‘ಬ್ಲೇಮ್’ ಎಂದು ಟೈಪಿಸಲು ಯಾರಾದರೂ ಬಿಡುತ್ತಾರೆಯೇ? ಪ್ರಿಂಟರಿನಲ್ಲಿ ಕಾಗದ ಸಾಲುವುದಿಲ್ಲ.

ಲ್ಯಾಬಿನ ಯಂತ್ರದಲ್ಲಿ ಪಟ್ಟಿಯ ತಲೆಯ ಮೇಲೆ ಕುಳಿತದ್ದು ‘ನೆಟ್‌ವರ್ಕ್ ಬರುವವರೆಗೆ ಕಾಯುವ’ ಒಂದು ಸೇವೆ. ಅದು ನೆಟ್‌ವರ್ಕ್ ತರುವುದಿಲ್ಲ. ತರುವವನು ಬೇರೆ. ಇದು ಬಾಗಿಲಲ್ಲಿ ನಿಂತು, ಬಂತೇ ಬಂತೇ ಎಂದು ಇಣುಕುತ್ತ, ಹಿಂದಿನವರನ್ನು ತಡೆಯುತ್ತದೆ, ಅಷ್ಟೇ. ಹುಡುಗ ಅದನ್ನು ತೆಗೆದುಹಾಕಿದ. ಯಂತ್ರಕ್ಕೆ ಅದರ ಕೊರತೆ ಗೊತ್ತಾಗಲೇ ಇಲ್ಲ. ಇನ್ನೊಂದು ಯಂತ್ರ ಕಿತ್ತು ಹಾಕಿದ ಹಳೆಯ ಡಿಸ್ಕಿಗಾಗಿ ಕಾಯುತ್ತಿತ್ತು, ಕಾರಣ ಡಿಸ್ಕಿನ ಹೆಸರು ಕಡತದಲ್ಲಿ ಉಳಿದಿತ್ತು. ನಮ್ಮ ಜಮೀನಿನ ಉತಾರದಲ್ಲಿ ತೀರಿಹೋದ ಅಜ್ಜನ ಹೆಸರು ಉಳಿದ ಹಾಗೆ. ವ್ಯತ್ಯಾಸವೆಂದರೆ ಆ ಯಂತ್ರ ಪರದೆಯ ಮೇಲೆ ಕೆಂಪು ನಕ್ಷತ್ರಗಳನ್ನು ಅತ್ತಿಂದಿತ್ತ ಓಡಿಸುತ್ತ ತೊಂಬತ್ತು ಸೆಕೆಂಡು ಕಾಯಿತು. ಆಮೇಲೆ ‘ಬರಲಿಲ್ಲ’ ಎಂದು ಬರೆದುಕೊಂಡು ಕಾಯುವುದನ್ನು ಬಿಟ್ಟಿತು.

“ಬ್ಲೇಮ್ ಪಟ್ಟಿಯನ್ನು ಪೂರ್ತಿ ನಂಬಬೇಡಿ ಕಾಕಾ” ಎಂದೂ ಹುಡುಗ ಹೇಳಿದ. “ಹೆಚ್ಚು ಹೊತ್ತು ತೆಗೆದುಕೊಂಡವನೇ ತಪ್ಪಿತಸ್ಥ ಎಂದೇನಿಲ್ಲ. ಅವನೂ ಇನ್ನೊಬ್ಬರಿಗಾಗಿ ಕಾಯುತ್ತಿರಬಹುದು.” ಅದನ್ನು ಹಿಡಿಯಲು ‘ಕ್ರಿಟಿಕಲ್ ಚೈನ್’ ಎಂಬ ಇನ್ನೊಂದು ಆದೇಶವಿದೆಯಂತೆ.

ಇದರ ಪ್ರಾತ್ಯಕ್ಷಿಕೆ ಉದ್ಘಾಟನೆಯ ದಿನವೇ ದೊರೆಯಿತು. ಆಮಂತ್ರಣದಲ್ಲಿ ‘ಸರಿಯಾಗಿ 10.30ಕ್ಕೆ’ ಎಂದಿತ್ತು. ಮುಖ್ಯಾಧ್ಯಾಪಕರು ಮೇಲಧಿಕಾರಿಗಳಿಗಾಗಿ ಕಾಯುತ್ತಿದ್ದರು, ಮೇಲಧಿಕಾರಿಗಳು ಮಾನ್ಯರ ಆಪ್ತ ಸಹಾಯಕರ ಫೋನಿಗಾಗಿ, ಆಪ್ತ ಸಹಾಯಕರು ಮಾನ್ಯರಿಗಾಗಿ. ಮಾನ್ಯರು ಇನ್ನೊಂದು ಊರಿನ ಇನ್ನೊಂದು ಉದ್ಘಾಟನೆಯಲ್ಲಿ ತಮಗಿಂತ ಹಿರಿಯ ಮಾನ್ಯರಿಗಾಗಿ ಕಾಯುತ್ತಿದ್ದರು. ಕಾರುಗಳು ಬಂದಾಗ 1.40.

ಗೇಟಿನಿಂದ ಶಾಮಿಯಾನದವರೆಗೆ ಎರಡೂ ಕಡೆ ಹೆಣ್ಣುಮಕ್ಕಳನ್ನು ನಿಲ್ಲಿಸಿದ್ದರು. ಆರನೆಯ, ಏಳನೆಯ ತರಗತಿಯವರು. ಕೈಯಲ್ಲಿ ಗುಲಾಬಿ ಎಸಳಿನ ತಟ್ಟೆ. ಹತ್ತು ಗಂಟೆಯಿಂದ. ಹನ್ನೆರಡರ ಹೊತ್ತಿಗೆ ಎಸಳು ಬಾಡಿ ಕಪ್ಪಾಗಿದ್ದವು. ಹನ್ನೆರಡೂವರೆಗೆ ಒಬ್ಬಳು ತಲೆ ಸುತ್ತಿ ಕೆಳಗೆ ಕುಳಿತಳು. ಬಿಸಿಯೂಟದ ಅಕ್ಕ ನೀರು ತಂದು ಕುಡಿಸಿ ನೆರಳಿಗೆ ಕರೆದುಕೊಂಡು ಹೋದರೆ, ಸಾಲಿನಲ್ಲಿ ಖಾಲಿ ಕಾಣಬಾರದೆಂದು ಇನ್ನೊಬ್ಬಳನ್ನು ತಂದು ನಿಲ್ಲಿಸಿದರು. ಇದರ ಮೇಲೆ ನನಗೆ ಚಟಾಕಿ ಹಾರಿಸಲು ಬರುವುದಿಲ್ಲ. ಹತ್ತು ಸಲ ಬರೆದಿದ್ದೇನೆ, ಇಂಥದ್ದನ್ನೇ. ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಬೇಡಿ. ಮೂರು ತಾಸು ತಡವಾದರೆ ಬರಲೇ ಬೇಡಿ. ಶಾಲೆಯ ಜವಾನ ಬಾಗಿಲು ತೆರೆದರೂ ಕಂಪ್ಯೂಟರು ಓಡುತ್ತದೆ.

ಸರಿ, ಫೋಟೋದ ವಿಷಯ. ಮಾನ್ಯರು ಮೊದಲು ಮಾನಿಟರಿನ ಗುಂಡಿ ಒತ್ತಿದರು. ಉರಿಯುತ್ತಿದ್ದ ಪರದೆ ಆರಿತು. ಚಪ್ಪಾಳೆ. ಹುಡುಗ ತಿದ್ದಿದ ಮೇಲೆ ಸರಿಯಾದ ಗುಂಡಿ ಒತ್ತಿದರು. ಆದರೆ ಫೋಟೋದವರು ಲೆನ್ಸ್ ತಿರುಗಿಸುವಷ್ಟರಲ್ಲಿ ಯಂತ್ರ ಎದ್ದು ಕುಳಿತಿತ್ತು. ‘ಕುತೂಹಲದಿಂದ ಕಾಯುತ್ತಿರುವ’ ಮುಖಭಾವಕ್ಕೆ ಒಂಬತ್ತು ಸೆಕೆಂಡು ಸಾಲದು. ಆರಿಸಿ ಮತ್ತೆ ಹಚ್ಚಿದರು, ಒಟ್ಟು ಐದು ಸಲ. ಲಿನಕ್ಸಿನ ವೇಗದಿಂದ ಸಾರ್ವಜನಿಕರಿಗಾದ ನೇರ ಲಾಭವೆಂದರೆ ಊಟ ಇನ್ನಷ್ಟು ತಡವಾಗಲಿಲ್ಲ ಎಂಬುದೇ.

ಅವರು ಹೋದ ಮೇಲೆ ಲ್ಯಾಬಿಗೆ ಕೀಲಿ ಬಿತ್ತು. ಉಸ್ತುವಾರಿ ಶಿಕ್ಷಕರ ನೇಮಕಾತಿಯ ಪತ್ರ ಬರಬೇಕಂತೆ.

ನಿನ್ನೆ ರಾತ್ರಿ ಹುಡುಗ ಫೋನ್ ಮಾಡಿದ್ದ. ಮನೆಯಲ್ಲಿ ಅದೇ ಮಾದರಿಯ ಯಂತ್ರದ ಮೇಲೆ ಕುಳಿತು ಒಂಬತ್ತನ್ನು 7.4ಕ್ಕೆ ತಂದಿದ್ದಾನೆ. ಲ್ಯಾಬಿನ ಹತ್ತಕ್ಕೂ ಅದನ್ನೇ ಮಾಡುತ್ತಾನಂತೆ.

“ಕೀಲಿಕೈ ಯಾರ ಹತ್ತಿರ ಇದೆ?” ಎಂದೆ.

“ಅದನ್ನು ಕೇಳಲು ಮರೆತೆ ಕಾಕಾ” ಎಂದ.