ಮೀನು ತರಲು ಹೋಗುವ ಬೈಕಿಗೆ ವಿಂಟೇಜ್ ಬೇಡ

ಕಳೆದ ಭಾನುವಾರ ಮಧ್ಯಾಹ್ನ ನಾನು ಮತ್ತು ಅಕ್ಕನ ಮಗ ಅಪ್ಪನ ಹಳೇ ಜಾವಾ ಬೈಕಿನ ಚಾಸಿ ನಂಬರ್ ಹುಡುಕುತ್ತಾ ಅಂಗಳದಲ್ಲಿ ಕೂತಿದ್ದೆವು. ಹ್ಯಾಂಡಲ್ ಕೆಳಗಿನ ಭಾಗದಲ್ಲಿ ಗ್ರೀಸು, ಧೂಳು, ಅದರಡಿಗೆ ಮೂರು ಪದರ ಪೇಂಟು. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಅರ್ಧ ಗಂಟೆ ಉಜ್ಜಿದ ಮೇಲೆ ಲೋಹ ಕಂಡಿತು. ಅದರ ಮೇಲೆ ತೆಳು ಹಾಳೆ ಇಟ್ಟು ಹುಡುಗ ಪೆನ್ಸಿಲನ್ನು ಅಡ್ಡ ಹಿಡಿದು ಮೆಲ್ಲಗೆ ತಿಕ್ಕಿದ. ಮೊದಲು ಒಂದು ಗೆರೆ, ಆಮೇಲೆ ಒಂದು ಅಂಕಿಯ ಬೆನ್ನು, ಮತ್ತೆ ಪೂರ್ತಿ ಸಾಲು. ಆರ್‌ಸಿ ಪುಸ್ತಕ ತೆಗೆದು ಒಂದೊಂದೇ ಅಂಕಿ ಹೋಲಿಸಿದೆವು. ಎಲ್ಲ ಸರಿಯಾಗಿತ್ತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ಪ್ರಿಂಟ್ ಬೇಕಾದದ್ದು ಆರ್‌ಸಿ ನವೀಕರಣಕ್ಕೆ. ಆದರೆ ಅದಕ್ಕೂ ಮೊದಲು ಮನೆಯಲ್ಲಿ ಎರಡು ವಾರ ಚರ್ಚೆ ನಡೆದಿತ್ತು. ಹುಡುಗನ ವಾದ ಒಂದೇ: "ಮಾವ, ಇದು 1972ರ ಗಾಡಿ. ಐವತ್ತು ವರ್ಷ ದಾಟಿ ಆಯಿತು. ವಿಂಟೇಜ್ ಮಾಡಿಸಿ ಬಿಡುವ. ಅಜ್ಜನ ಬೈಕಿಗೆ ಒಂದು ಗೌರವ ಉಂಟಲ್ಲ?"

ಅವನ ಮಾತಿನಲ್ಲಿ ಪ್ರೀತಿ ಇತ್ತು. ಹಾಗಾಗಿ ನಾನು ನಿಯಮ ಸರಿಯಾಗಿ ಓದಿ ನೋಡಿದೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಕ್ಕೆ ಪ್ರತ್ಯೇಕ ನೋಂದಣಿ ಮಾಡಿದ್ದಾರೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಇಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು. ರಾಜ್ಯದ ಸಮಿತಿ ಗಾಡಿ ನೋಡಿ ಒಪ್ಪಬೇಕು. ಹೊಸದಾಗಿ ನೋಂದಣಿಯಾಗುವ ಗಾಡಿಗೆ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂದು ಬರುವ ನಂಬರ್ ಸಿಗುತ್ತದೆ. ಮೊದಲೇ ನೋಂದಣಿ ಇರುವವರು ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ.

ಹಳೇ ನಂಬರ್ ಉಳಿಯುತ್ತದೆ ಅಂದಾಗ ನನ್ನ ಮನಸ್ಸೂ ಅತ್ತ ವಾಲಿದ್ದು ನಿಜ. ನಮ್ಮ ಬೈಕಿನ ನಂಬರ್ 'ಎಂವೈ' ಇಂದ ಶುರು. ಮೈಸೂರು ರಾಜ್ಯದ ಕಾಲದ್ದು. 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಕರ್ನಾಟಕ ಆಯಿತು; ಅದಕ್ಕಿಂತ ಮೊದಲೇ ಈ ಗಾಡಿ ರಸ್ತೆಗೆ ಇಳಿದಿತ್ತು. ನಮ್ಮ ಉಡುಪಿ ಆಗ ಬೇರೆ ಜಿಲ್ಲೆಯೂ ಅಲ್ಲ, ಅದು 1997ರಲ್ಲಿ ಆದದ್ದು. ಬೈಕು ಹುಟ್ಟಿದ್ದೂ ಮೈಸೂರಿನಲ್ಲೇ, 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಈ ಊರಿನ ಮಕ್ಕಳಿಗೆ ಕೆಎ 20 ಬಿಟ್ಟು ಬೇರೆ ನಂಬರ್ ಇತ್ತು ಅನ್ನುವುದೇ ಗೊತ್ತಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ "ಅಂಕಲ್, ಇದು ಯಾವ ರಾಜ್ಯದ ಗಾಡಿ?" ಎಂದು ಕೇಳಿದವರಿದ್ದಾರೆ.

ಆದರೆ ನಿಯಮದ ಮುಂದಿನ ಸಾಲು ಓದಿದ ಮೇಲೆ ನನ್ನ ತೀರ್ಮಾನ ಗಟ್ಟಿಯಾಯಿತು. ವಿಂಟೇಜ್ ಆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಭಾನುವಾರ ಬೆಳಿಗ್ಗೆ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಮಲ್ಪೆಗೆ ಹೋಗಿ ಬಂಗುಡೆ ತರುವುದು ಆ ಪಟ್ಟಿಯಲ್ಲಿ ಇಲ್ಲ.

ನಮ್ಮ ಮನೆಯಲ್ಲಿ ಈ ಬೈಕಿನ ಕೆಲಸ ಅದೇ. ಅಪ್ಪ ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುತ್ತಿದ್ದರು. 1981ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರು. ಬೋಟು ಬರುವ ಹೊತ್ತಿಗೆ ಅಲ್ಲಿ ಇರಬೇಕು, ಅಂದರೆ ನಸುಕಿನಲ್ಲೇ ಹೊರಡಬೇಕು. ಜಾವಾದಲ್ಲಿ ಕಿಕ್ಕರ್‌ಗೂ ಗೇರಿಗೂ ಲಿವರ್ ಒಂದೇ: ಒಳಗೆ ಒತ್ತಿ ಎತ್ತಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಮಡಚಿದರೆ ಗೇರ್. ಕಿಕ್ಕರ್ ಎಲ್ಲಿ ಎಂದು ಹುಡುಕುವ ಹೊಸಬರಿಗೆ ಇದನ್ನು ತೋರಿಸಿಕೊಡುವುದೆಂದರೆ ಅಪ್ಪನಿಗೆ ತುಂಬಾ ಇಷ್ಟ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಆ ಸದ್ದು ಕೇಳಿದರೆ ಅಮ್ಮ ಒಲೆಯ ಮೇಲೆ ಚಾ ಇಡುತ್ತಿದ್ದರು. ಮಳೆಗಾಲದಲ್ಲಿ ಬೋಟುಗಳು ಮೇಲೆ ಬಂದರೆ ಐಸ್ ಪ್ಲಾಂಟಿಗೂ ಕೆಲಸ ಕಡಿಮೆ. ಆಗ ಜಗಲಿಯಲ್ಲಿ ಬೈಕು ಬಿಚ್ಚಿ ಅಡಿಭಾಗಕ್ಕೆಲ್ಲ ಹಳೇ ಇಂಜಿನ್ ಆಯಿಲ್ ಬಳಿಯುತ್ತಿದ್ದರು. ಉಪ್ಪುಗಾಳಿ ಎಂಥ ಕಬ್ಬಿಣವನ್ನೂ ಬಿಡುವುದಿಲ್ಲ. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ, ನಾನು ಅದನ್ನೇ ಮಾಡುತ್ತೇನೆ.

ಇಂಥ ಗಾಡಿಯನ್ನು ಹತ್ತು ವರ್ಷ ಹೊದಿಕೆ ಹಾಕಿ ನಿಲ್ಲಿಸಿದರೆ ಅದು ಉಳಿಯುತ್ತದೆ ಎಂದು ನನಗೆ ಅನಿಸುವುದಿಲ್ಲ. ಓಡದ ಬೈಕಿನ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಒಣಗಿ ಅಂಟಾಗುತ್ತದೆ, ರಬ್ಬರ್ ಬಿರಿಯುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಇರುವ ಪೆಟ್ರೋಲ್. ಅದು ತೇವ ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ಇಡುವುದಂತೂ ಆಗದ ಮಾತು. ಓಡಿಸಬೇಕು, ಖಾಲಿ ಮಾಡಬೇಕು, ಮತ್ತೆ ಆಯಿಲ್ ಬೆರೆಸಿ ಹೊಸದು ಹಾಕಬೇಕು.

ಹಣದ ಲೆಕ್ಕವೂ ಹೇಳಿಬಿಡುತ್ತೇನೆ. 20 ವರ್ಷ ದಾಟಿದ ಬೈಕಿನ ಸಾಮಾನ್ಯ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 2,000 ರೂಪಾಯಿಗೆ ಏರಿಸಿದರು. ಐದು ವರ್ಷಕ್ಕೊಮ್ಮೆ. ಹತ್ತು ವರ್ಷಕ್ಕೆ 4,000. ಗ್ರೀನ್ ಟ್ಯಾಕ್ಸ್, ಇನ್ಶೂರೆನ್ಸ್, ಎಮಿಷನ್ ಬೇರೆ. ಕಾರಿನವರಿಗೆ 10,000 ಆಗಿದೆ, ಅವರ ಕಷ್ಟ ದೊಡ್ಡದು. "ಹದಿನೈದು ವರ್ಷ ಆದರೆ ಗುಜರಿಗೆ ಹಾಕಬೇಕಲ್ಲ?" ಎಂದು ನನ್ನಲ್ಲಿ ಕೇಳದವರೇ ಇಲ್ಲ. ವಯಸ್ಸಿನ ಆ ಮಿತಿ ದೆಹಲಿ ಸುತ್ತಲಿನ ಪ್ರದೇಶದ್ದು. ನಮ್ಮಲ್ಲಿ ಖಾಸಗಿ ಗಾಡಿ ತಪಾಸಣೆಯಲ್ಲಿ ಪಾಸಾದರೆ ಆರ್‌ಸಿ ನವೀಕರಿಸಿ ಓಡಿಸಬಹುದು. ಇದು ಗೊತ್ತಿಲ್ಲದೆ ಒಳ್ಳೊಳ್ಳೆಯ ಲ್ಯಾಂಬ್ರೆಟ್ಟಾ, ಫಿಯೆಟ್‌ಗಳನ್ನು ತೂಕಕ್ಕೆ ಕೊಟ್ಟವರನ್ನು ಕಂಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ವಿಂಟೇಜ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಅಜ್ಜನ ಕಾಲದ ಕಾರು ಶೆಡ್ಡಿನಲ್ಲಿದ್ದು ವರ್ಷಕ್ಕೆ ಎರಡು ರ‍್ಯಾಲಿಗೆ ಮಾತ್ರ ಹೊರಡುವುದಾದರೆ ಅವರು ಖಂಡಿತ ಮಾಡಿಸಲಿ. ಆ ನಿಯಮ ಅಂಥವರಿಗಾಗಿಯೇ ಇರುವುದು. ನನ್ನ ದೂರು ಒಂದೇ: ನಡುವಿನ ದಾರಿ ಇಲ್ಲ. ವಾರಕ್ಕೆ ಒಂದು ದಿನ ಊರೊಳಗೆ ಓಡಿಸಲು ಅನುಮತಿ ಕೊಟ್ಟು ವಿಂಟೇಜ್ ಎಂದು ಗುರುತಿಸಿದರೆ ಯಾರಿಗೆ ಏನು ನಷ್ಟ? ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುವ ಟೂ ಸ್ಟ್ರೋಕ್ ಇಂಜಿನ್ ಹೊಗೆ ಬಿಡುತ್ತದೆ, ಒಪ್ಪುತ್ತೇನೆ. ಅದಕ್ಕೇ ನಾನು ಭಾನುವಾರ ಬಿಟ್ಟು ತೆಗೆಯುವುದಿಲ್ಲ; ಕೆಲಸಕ್ಕೆ ಮಣಿಪಾಲಕ್ಕೆ ಹೋಗುವುದು ಬಸ್ಸಿನಲ್ಲೇ.

ಇದೆಲ್ಲ ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಮ್ಮನ ಹತ್ತಿರ ಹೋಗಿ, "ಅಜ್ಜಿ, ನಿಮಗೆ ಎಂತ ಅನಿಸುತ್ತದೆ?" ಎಂದು ಕೇಳಿದ. ಅಮ್ಮ ಅಕ್ಕಿ ಆರಿಸುತ್ತಾ ಹೇಳಿದರು, "ನನಗೆ ಕಾರಿನಲ್ಲಿ ಹೋದರೆ ವಾಂತಿ ಬರುತ್ತದೆ ಮಗಾ. ಅದರ ಸೀಟು ನನಗೆ ಅಭ್ಯಾಸ ಆಗಿದೆ."

ಪೆನ್ಸಿಲ್ ಪ್ರಿಂಟಿನ ಒಂದು ಪ್ರತಿ ಅರ್ಜಿಗೆ ಅಂಟಿಸಿದ್ದೇನೆ. ಇನ್ನೊಂದನ್ನು ಹುಡುಗ ತನಗೆ ಬೇಕೆಂದು ತೆಗೆದುಕೊಂಡು ಹೋದ. ತಪಾಸಣೆಗೆ ಬುಧವಾರ ಬೆಳಿಗ್ಗೆ ಹೋಗಬೇಕು. ಹಿಂದಿನ ಬ್ರೇಕ್ ಶೂ ಸ್ವಲ್ಪ ಸವೆದಿದೆ, ನಾಳೆ ಸಂಜೆ ಗ್ಯಾರೇಜಿನ ಅಣ್ಣ ಬದಲಾಯಿಸಿ ಕೊಡುತ್ತೇನೆ ಎಂದಿದ್ದಾರೆ.