ಒಂದು ಡಾಲರ್ ಸಂಬಳದ ಮೇಯರ್ ಸಾಹೇಬರು

ನ್ಯೂಯಾರ್ಕಿನ ಮೇಯರ್ ಆಗಿದ್ದಾಗ ಮೈಕಲ್ ಬ್ಲೂಮ್‌ಬರ್ಗ್ ತೆಗೆದುಕೊಳ್ಳುತ್ತಿದ್ದ ಸಂಬಳ ವರ್ಷಕ್ಕೆ ಒಂದೇ ಒಂದು ಡಾಲರ್. ಎಂಥ ತ್ಯಾಗ ಅಲ್ವಾ? ಆ ಒಂದು ಡಾಲರಿನ ಕೆಲಸ ಹಿಡಿಯೋಕೆ 2001ರ ಚುನಾವಣೆಯಲ್ಲಿ ಸ್ವಂತ ಜೇಬಿನಿಂದ ಸುರಿದದ್ದು 7 ಕೋಟಿ ಡಾಲರಿಗೂ ಜಾಸ್ತಿ. ಹಾಕಿದ ದುಡ್ಡು ಸಂಬಳದಲ್ಲೇ ವಾಪಸ್ ಬರಬೇಕು ಅಂದರೆ ಡೈನೋಸಾರ್ ಓಡಾಡುತ್ತಿದ್ದ ಕಾಲದಲ್ಲೇ ಡ್ಯೂಟಿಗೆ ಹಾಜರಾಗಬೇಕಿತ್ತು.

ಹಾಗಂತ ಲೆಕ್ಕ ಬಾರದ ಮನುಷ್ಯ ಅಲ್ಲ. 1981ರಲ್ಲಿ ಸಾಲೊಮನ್ ಬ್ರದರ್ಸ್ ಅನ್ನೋ ಹೂಡಿಕೆ ಬ್ಯಾಂಕು ಕೆಲಸದಿಂದ ತೆಗೆದಾಗ ಕೈಗೆ ಬಂದ 1 ಕೋಟಿ ಡಾಲರ್ ಇಟ್ಟುಕೊಂಡು ಕಂಪನಿ ಶುರು ಮಾಡಿ, ಹಣಕಾಸು ಪೇಟೆಯ ಏರಿಳಿತ ತೋರಿಸುವ ಕಂಪ್ಯೂಟರ್ ಟರ್ಮಿನಲ್‌ಗಳನ್ನು ಬಾಡಿಗೆಗೆ ಕೊಟ್ಟು ಕುಬೇರರಾದವರು. ಪಕ್ಷದ ವಿಷಯದಲ್ಲೂ ಪಕ್ಕಾ ವ್ಯಾಪಾರಿ. ಡೆಮಾಕ್ರಟ್ ಆಗಿದ್ದವರು ರಿಪಬ್ಲಿಕನ್ ಆಗಿ ನಿಂತು ಗೆದ್ದರು, 2007ರಲ್ಲಿ ಅದನ್ನೂ ಬಿಟ್ಟರು, 2018ರಲ್ಲಿ ಮತ್ತೆ ಡೆಮಾಕ್ರಟ್.

ಜನಸಾಮಾನ್ಯರ ಹಾಗೆ ಸಬ್‌ವೇ ರೈಲಿನಲ್ಲಿ ಆಫೀಸಿಗೆ ಹೋಗುತ್ತಾರೆ ಅಂತ ಭಾರೀ ಹೆಸರಿತ್ತು. ಮನೆ ಹತ್ತಿರದ ಸ್ಟೇಷನ್ ಬಿಟ್ಟು, ಎಕ್ಸ್‌ಪ್ರೆಸ್ ರೈಲು ನಿಲ್ಲುವ ಸ್ಟೇಷನ್‌ವರೆಗೆ ಎರಡು ದೈತ್ಯ ಕಾರುಗಳಲ್ಲಿ ಸವಾರಿ ಹೊರಡುತ್ತಿತ್ತು ಅಂತ 2007ರಲ್ಲಿ ಪತ್ರಿಕೆಯವರು ಹಿಂದೆ ಬಿದ್ದು ಕಂಡುಹಿಡಿದರು. ಸರಳತೆಗೂ ಡ್ರೈವರ್ ಬೇಕು ನೋಡಿ.

ಆದರೆ ಅಸಲಿ ತಮಾಷೆ 2008ರದು. ಮೇಯರ್‌ಗೆ ಎರಡೇ ಅವಧಿ ಸಾಕು ಅಂತ ನ್ಯೂಯಾರ್ಕಿನ ಜನ 1993ರಲ್ಲಿ ವೋಟು ಹಾಕಿ ಹೇಳಿದ್ದರು. ಸರಿಯಾಗಿ ಕೇಳಿಸಲಿಲ್ಲವೇನೋ ಅಂತ 1996ರಲ್ಲಿ ಇನ್ನೊಂದು ಸಲ ಹೇಳಿದ್ದರು. ಅಷ್ಟರಲ್ಲಿ ಆರ್ಥಿಕ ಕುಸಿತ ಬಂತು. ಇಂಥ ಹೊತ್ತಲ್ಲಿ ನನ್ನಂಥ ಹಣಕಾಸು ಬಲ್ಲವರು ಬೇಕು ಅಂತ ಸಾಹೇಬರು ಪಟ್ಟು ಹಿಡಿದರು. ನಗರ ಕೌನ್ಸಿಲ್ 29-22 ಮತಗಳಲ್ಲಿ ಮೂರನೇ ಅವಧಿಗೆ ಬಾಗಿಲು ತೆರೆಯಿತು. ಅದೇ ಬಾಗಿಲಲ್ಲಿ ಕೌನ್ಸಿಲ್ ಸದಸ್ಯರೂ ಇನ್ನೊಂದು ಅವಧಿಗೆ ನಿಲ್ಲಬಹುದಿತ್ತು ಅನ್ನೋದು ಸುಮ್ನೆ ಕಾಕತಾಳೀಯ ಬಿಡಿ! 2009ರಲ್ಲಿ 10 ಕೋಟಿ ಡಾಲರಿಗೂ ಮೀರಿ ಖರ್ಚು ಮಾಡಿ, ಶೇಕಡ 5ಕ್ಕಿಂತ ಕಡಿಮೆ ಅಂತರದಲ್ಲಿ ಏದುಸಿರು ಬಿಡುತ್ತಾ ಗೆದ್ದರು. ಮರುವರ್ಷವೇ ಜನ ಮೂರನೇ ಸಲ ವೋಟು ಹಾಕಿ ಎರಡೇ ಅವಧಿ ಅಂದರು. ಪಾಪ, ಎಷ್ಟು ಸಲ ಹೇಳೋದು?

ಒಳ್ಳೆಯದೇನೂ ಮಾಡಲಿಲ್ಲ ಅಂತಲ್ಲ. ಬಾರ್, ಹೋಟೆಲುಗಳಲ್ಲಿ ಸಿಗರೇಟು ನಿಲ್ಲಿಸಿದ್ದಕ್ಕೆ ನನ್ನದೂ ಒಂದು ಚಪ್ಪಾಳೆ. ಆದರೆ ಮೂರನೇ ಅವಧಿಯಲ್ಲಿ ಕೂತವರು ಊರ ಜನರ ಸೋಡಾ ಲೋಟಕ್ಕೇ ಕೈ ಹಾಕಿದರು. 16 ಔನ್ಸ್‌ಗಿಂತ, ಅಂದರೆ ಸುಮಾರು ಅರ್ಧ ಲೀಟರಿಗಿಂತ, ದೊಡ್ಡ ಲೋಟದಲ್ಲಿ ಸಿಹಿ ಪಾನೀಯ ಮಾರುವಂತಿಲ್ಲ, ಬೇಕಾದರೆ ಎರಡು ಲೋಟ ತಗೊಳ್ಳಿ! ಕುಡಿಯುವವರಿಗೆ ಮಿತಿ ಬೇಕು, ಕುರ್ಚಿಯಲ್ಲಿ ಕೂತವರಿಗೆ ಬೇಡ. ಕೋರ್ಟು ಆ ನಿಯಮವನ್ನು ಕಸದಬುಟ್ಟಿಗೆ ಹಾಕಿತು.

2020ರಲ್ಲಿ ಅಧ್ಯಕ್ಷರಾಗುವ ಆಸೆ ಬಂತು. ಈ ಸಲ ಖರ್ಚು 100 ಕೋಟಿ ಡಾಲರ್ ದಾಟಿತು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಅವರು ಗೆದ್ದದ್ದು ಅಮೆರಿಕನ್ ಸಮೋವಾ ಒಂದನ್ನೇ, ಪೆಸಿಫಿಕ್ ಸಾಗರದ ಪುಟ್ಟ ದ್ವೀಪಗಳು. ಅಲ್ಲಿನವರಿಗೆ ಅಧ್ಯಕ್ಷರ ಅಂತಿಮ ಚುನಾವಣೆಯಲ್ಲಿ ವೋಟೇ ಇಲ್ಲ.