ಬಾಲ್ ಕೈಯಲ್ಲಿಲ್ಲದ 36 ನಿಮಿಷ

ಮ್ಯಾಚ್ ಮುಗಿದ ತಕ್ಷಣ ಸ್ಕೋರ್ ಶೀಟ್ ಕೇಳುವವರ ಮೇಲೆ ನನಗೊಂದು ಹಳೇ ತಕರಾರಿದೆ. ಇವತ್ತು ಬರೆದೇ ಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಪಕ್ಕದಲ್ಲಿಟ್ಟುಕೊಂಡು ಓದಿ.

ನಾನು ಬೆಂಗಳೂರಿನಲ್ಲಿ ಒಂದು ಇಲಾಖೆಯ ತಂಡಕ್ಕೆ ತುಂಬಾ ವರ್ಷ ಬ್ಯಾಸ್ಕೆಟ್‌ಬಾಲ್ ಆಡಿದವನು. ಗಾರ್ಡ್. ದೊಡ್ಡ ಹೆಸರು ಮಾಡಿದವನೇನಲ್ಲ. ಎದುರು ತಂಡದ ಒಳ್ಳೇ ಶೂಟರ್ ಯಾರಿದ್ದಾನೋ ಅವನಿಗೆ ಅಂಟಿಕೊಂಡು ಓಡುವುದು ನನ್ನ ಕೆಲಸವಾಗಿತ್ತು. ಈಗ ಎರಡೂ ಮಂಡಿ ಕೈಕೊಟ್ಟಿವೆ. ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇನೆ. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ಅಪ್ಪಂದಿರ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಸಾರ್, ಇವತ್ತು ಎಷ್ಟು ಪಾಯಿಂಟ್ ಹೊಡೆದ?" ಆಗಾಗ ಕಂಪನಿಗಳವರು ಭಾಷಣಕ್ಕೂ ಕರೆಯುತ್ತಾರೆ. ವಿಷಯ ಬೇರೆ ಹೇಳಬೇಕೇ, ವಿನ್ನಿಂಗ್ ಮೈಂಡ್‌ಸೆಟ್. ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಾರೆ ಮೈಕಲ್ ಜೋರ್ಡಾನ್ ನಾಲಿಗೆ ಚಾಚಿದ ಫೋಟೋ, ಅಲ್ಲಿನವನೇ ಆದ ಕೋಬಿ ಬ್ರಯಂಟ್ ಹಲ್ಲು ಕಚ್ಚಿದ ಫೋಟೋ, ಬೆಳಗಿನ ಜಾವ ನಾಲ್ಕಕ್ಕೆ ಎದ್ದರೆ ನೀವೂ ಚಾಂಪಿಯನ್ ಎನ್ನುವ ಮಾತು, ಇಷ್ಟಿದ್ದರೆ ಅವರಿಗೆ ಖುಷಿ.

ನನ್ನ ಲೆಕ್ಕ ಬೇರೆ. ನಾವು ಆಡುವ ನಿಯಮದಲ್ಲಿ ಮ್ಯಾಚ್ 40 ನಿಮಿಷ. ಕೋರ್ಟಿನಲ್ಲಿ ಹತ್ತು ಜನ, ಬಾಲ್ ಒಂದೇ. ಸಮನಾಗಿ ಹಂಚಿದರೆ ಒಬ್ಬೊಬ್ಬರ ಪಾಲಿಗೆ ಬರುವುದು 4 ನಿಮಿಷ. ಮಿಕ್ಕ 36 ನಿಮಿಷ ಬಾಲ್ ಬೇರೆಯವರ ಕೈಯಲ್ಲಿರುತ್ತದೆ. ಆ 36 ನಿಮಿಷ ನೀನೇನು ಮಾಡಿದೆ? ಚಾಂಪಿಯನ್ ತಂಡಗಳನ್ನು ಅಷ್ಟು ವರ್ಷ ನೋಡಿದ ಮೇಲೆ ನನಗೆ ಉಳಿದಿರುವ ಪ್ರಶ್ನೆ ಇದೊಂದೇ. ಗೆಲ್ಲುವ ಮನಸ್ಸು ಅಂತ ಏನಾದರೂ ಇದ್ದರೆ ಅದು ಅಲ್ಲೇ ಇರುತ್ತದೆ.

ಇದಕ್ಕೆ ನಾನು ಮೊದಲು ಹೇಳುವ ಹೆಸರು ಬಿಲ್ ರಸೆಲ್. ಈಗಿನ ಹುಡುಗರಿಗೆ ಇವರು ಬರೀ ಕಪ್ಪು ಬಿಳುಪು ಫೋಟೋ, ಅಷ್ಟೇ. ಬಾಸ್ಟನ್ ಸೆಲ್ಟಿಕ್ಸ್‌ಗೆ 13 ಸೀಸನ್ ಆಡಿದರು, 11 ಚಾಂಪಿಯನ್‌ಶಿಪ್ ಗೆದ್ದರು. ಕೊನೆಯ ಎರಡನ್ನು ಆಡುತ್ತಲೇ ಕೋಚ್ ಆಗಿಯೂ ಗೆದ್ದದ್ದು. ಎನ್‌ಬಿಎ, ಅಂದರೆ ಅಮೆರಿಕದ ದೊಡ್ಡ ಲೀಗ್‌ನಲ್ಲಿ, ಮೊದಲು ನಾಲ್ಕು ಮ್ಯಾಚ್ ಗೆದ್ದವರಿಗೆ ಸರಣಿ. 3-3 ಆದಾಗ ಬರುವ ಏಳನೇ ಮ್ಯಾಚ್ ಅಂದರೆ ಗೆದ್ದರೆ ಇದ್ದೆ, ಸೋತರೆ ಮನೆಗೆ. ಅಂಥ 10 ಮ್ಯಾಚ್ ಆಡಿದರು, ಹತ್ತೂ ಗೆದ್ದರು. ಇನ್ನು ಅವರ ಸರಾಸರಿ ಸ್ಕೋರ್? 15 ಪಾಯಿಂಟ್. ಒಂದೇ ಒಂದು ಸೀಸನ್‌ನಲ್ಲೂ ಸರಾಸರಿ 20 ಮುಟ್ಟಲಿಲ್ಲ. ನಮ್ಮ ಅಪ್ಪಂದಿರ ಕೈಗೆ ಆ ಸ್ಕೋರ್ ಶೀಟ್ ಕೊಟ್ಟಿದ್ದರೆ ಹುಡುಗನನ್ನು ಬೇರೆ ಕೋಚಿಂಗ್‌ಗೆ ಸೇರಿಸುತ್ತಿದ್ದರು.

ರಸೆಲ್‌ಗೆ ಬರುತ್ತಿದ್ದದ್ದು ಡಿಫೆನ್ಸ್, ರಿಬೌಂಡ್ (ಗುರಿ ತಪ್ಪಿ ಪುಟಿದ ಬಾಲ್ ಹಿಡಿಯುವುದು), ಬ್ಲಾಕ್ (ಎದುರಾಳಿ ಎಸೆದ ಬಾಲನ್ನು ಗಾಳಿಯಲ್ಲೇ ತಡೆಯುವುದು). ಅದರಲ್ಲೂ ಆ ಬ್ಲಾಕ್ ಹೇಗಿರುತ್ತಿತ್ತು ಅಂದರೆ, ಬಾಲನ್ನು ಗ್ಯಾಲರಿಗೆ ಹೊಡೆದು ಎದೆ ತಟ್ಟಿಕೊಳ್ಳುವುದಿಲ್ಲ. ಮೆತ್ತಗೆ ತಟ್ಟಿ ಕೋರ್ಟಿನ ಒಳಗೇ ಉಳಿಸುತ್ತಿದ್ದರು, ತನ್ನ ಕಡೆಯವನ ಕೈಗೆ ಸಿಗುವ ಹಾಗೆ, ಅಲ್ಲಿಂದ ಫಾಸ್ಟ್ ಬ್ರೇಕ್, ಎದುರಾಳಿ ಸಾವರಿಸಿಕೊಳ್ಳುವ ಮುಂಚೆಯೇ ಓಟ. ಗ್ಯಾಲರಿಗೆ ಹೊಡೆದರೆ ಚಪ್ಪಾಳೆ ನಿನಗೆ, ಬಾಲ್ ಮತ್ತೆ ಅವರಿಗೇ. ಇನ್ನೊಂದು ತಮಾಷೆ ಕೇಳಿ. ಎನ್‌ಬಿಎ ಬ್ಲಾಕ್‌ಗಳನ್ನು ಅಧಿಕೃತವಾಗಿ ಎಣಿಸಲು ಶುರು ಮಾಡಿದ್ದೇ 1973-74ರಿಂದ. ರಸೆಲ್ ನಿವೃತ್ತಿ ಆಗಿದ್ದು 1969ರಲ್ಲಿ. ಅಂದರೆ ಆ ಮನುಷ್ಯ ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದ ಕೆಲಸಕ್ಕೆ ಅವರ ಕಾಲದಲ್ಲಿ ಸ್ಕೋರ್ ಶೀಟಿನಲ್ಲಿ ಒಂದು ಕಾಲಮ್ಮೂ ಇರಲಿಲ್ಲ!

ಫೈನಲ್ಸ್‌ನ, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೇ ಸರಣಿಯ, ಶ್ರೇಷ್ಠ ಆಟಗಾರ ಪ್ರಶಸ್ತಿ ಶುರುವಾಗಿದ್ದು ಅದೇ 1969ರಲ್ಲಿ, ರಸೆಲ್ ಅವರ ಕೊನೇ ಸರಣಿಯಲ್ಲಿ. ಎದುರಿಗೆ ಲಾಸ್ ಏಂಜಲೀಸ್ ಲೇಕರ್ಸ್. ಏಳನೇ ಮ್ಯಾಚ್ ಅವರ ಊರಲ್ಲೇ. ಗೆದ್ದ ಮೇಲೆ ಬೀಳಿಸೋಣ ಅಂತ ಲೇಕರ್ಸ್ ಮಾಲೀಕರು ಚಾವಣಿಯಲ್ಲಿ ಬಲೂನು ಕಟ್ಟಿಸಿ ಇಟ್ಟಿದ್ದರು. ಬಾಸ್ಟನ್ 108-106ರಿಂದ ಗೆದ್ದಿತು. ಬಲೂನು ಮೇಲೇ ಉಳಿದವು. ಪ್ರಶಸ್ತಿ ಹೋಗಿದ್ದು ಮಾತ್ರ ಸೋತ ತಂಡದ ಜೆರ್ರಿ ವೆಸ್ಟ್‌ಗೆ. ಆ ರಾತ್ರಿ 42 ಪಾಯಿಂಟ್, 13 ರಿಬೌಂಡ್, 12 ಅಸಿಸ್ಟ್ (ಜೊತೆಯವನು ಸ್ಕೋರ್ ಮಾಡುವಂತೆ ಕೊಟ್ಟ ಪಾಸ್). ಸೋತ ತಂಡದವನಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೊಂದೇ ಸಲ. 11 ಸಲ ಗೆದ್ದ ರಸೆಲ್‌ಗೆ ಅದು ಒಮ್ಮೆಯೂ ಬರಲಿಲ್ಲ. 2009ರಲ್ಲಿ ಆ ಪ್ರಶಸ್ತಿಗೇ ಅವರ ಹೆಸರಿಟ್ಟರು. ಇರಲಿ, ತಡವಾಗಿಯಾದರೂ ಸರಿಯಾಯಿತು.

ಇನ್ನೂ ಒಂದು ವಿಷಯ. ಈ ರಸೆಲ್ ದೊಡ್ಡ ಮ್ಯಾಚುಗಳ ಮುಂಚೆ ಡ್ರೆಸ್ಸಿಂಗ್ ರೂಮಿನಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದರು, ಅಷ್ಟು ಟೆನ್ಷನ್. ಆ ಸದ್ದು ಕೇಳಿಸಿದರೆ ಜೊತೆಯವರಿಗೆ ಸಮಾಧಾನ ಆಗುತ್ತಿತ್ತಂತೆ, ಇವತ್ತು ಮನುಷ್ಯ ರೆಡಿ ಅಂತ. ಚಾಂಪಿಯನ್‌ಗೆ ಹೆದರಿಕೆ ಇರಲ್ಲ ಅಂತ ಯಾರಾದರೂ ಸ್ಟೇಜ್ ಮೇಲೆ ಹೇಳಿದರೆ ದಯವಿಟ್ಟು ನಂಬಬೇಡಿ. ಕಂಠೀರವದ ಕೋರ್ಟಿನಲ್ಲಿ ಲೀಗ್ ಮ್ಯಾಚ್ ಆಡುವಾಗಲೇ ನನಗೆ ಹೊಟ್ಟೆ ತೊಳೆಸುತ್ತಿತ್ತು, ನೋಡುವವರು ಮೂರು ಮತ್ತೊಂದು ಜನ ಇದ್ದಾಗಲೂ.

"ರಸೆಲ್ ಕಾಲ ಬೇರೆ ಸಾರ್, ಕೋಬಿ ನೋಡಿ" ಅನ್ನುತ್ತಾರೆ. ಸರಿ, ಕೋಬಿಯನ್ನೇ ನೋಡೋಣ. ಗೆಲ್ಲುವ ಹಟಕ್ಕೆ ಇನ್ನೊಂದು ಹೆಸರೇ ಅವನು, ಅಲ್ವಾ. 2010ರ ಜೂನ್, ಬಾಸ್ಟನ್ ವಿರುದ್ಧ ಫೈನಲ್ಸ್‌ನ ಏಳನೇ ಮ್ಯಾಚ್. ಕೋಬಿ ಬ್ರಯಂಟ್‌ನ ಐದನೇ ಮತ್ತು ಕೊನೇ ಚಾಂಪಿಯನ್‌ಶಿಪ್ ಅದು. ಅವತ್ತು ಅವನು 24 ಸಲ ಬ್ಯಾಸ್ಕೆಟ್‌ಗೆ ಎಸೆದ, ಬಿದ್ದದ್ದು 6. ಭಯಂಕರ ಕೆಟ್ಟ ರಾತ್ರಿ. ಮೂರನೇ ಕ್ವಾರ್ಟರ್‌ನಲ್ಲಿ ಅವನ ತಂಡ ಲೇಕರ್ಸ್ 13 ಪಾಯಿಂಟ್ ಹಿಂದಿತ್ತು. ಹಾಗಾದರೆ ಗೆದ್ದದ್ದು ಹೇಗೆ? ಆ ರಾತ್ರಿ ಕೋಬಿ 15 ರಿಬೌಂಡ್ ಹಿಡಿದ. ಅವನು ಹೊರಗಿನಿಂದ ಆಡುವ ಗಾರ್ಡ್, ಬ್ಯಾಸ್ಕೆಟ್ ಕೆಳಗೆ ನಿಲ್ಲುವ ಎತ್ತರದ ಸೆಂಟರ್ ಅಲ್ಲ. ಜೊತೆಯ ಪೌ ಗಸೋಲ್ 18 ರಿಬೌಂಡ್. ಕೊನೇ ನಿಮಿಷದ ಹೊತ್ತಿಗೆ ಬಾಲ್ ಕೋಬಿ ಕೈಯಲ್ಲಿತ್ತು, ಅವನು ಅದನ್ನು ಜೊತೆಯ ರಾನ್ ಆರ್ಟೆಸ್ಟ್‌ಗೆ ಕೊಟ್ಟ. ಆರ್ಟೆಸ್ಟ್ ಅಂದರೆ ಶೂಟಿಂಗ್‌ಗೆ ಹೆಸರಾದವನಲ್ಲ, ನನ್ನ ಥರದವನು, ಡಿಫೆಂಡರ್. ಮೂರು ಪಾಯಿಂಟ್ ಬಿತ್ತು. ಕೊನೆಗೆ ಲೇಕರ್ಸ್ ಗೆದ್ದದ್ದು 83-79.

ಮ್ಯಾಚ್ ಮುಗಿದ ಮೇಲೆ ಆರ್ಟೆಸ್ಟ್ ಟಿವಿ ಮುಂದೆ ನಿಂತು ಯಾರಿಗೆ ಥ್ಯಾಂಕ್ಸ್ ಹೇಳಿದ ಗೊತ್ತಾ? ತನ್ನ ಮನೋವೈದ್ಯೆಗೆ. ಜನ ನಕ್ಕರು. ನಾನೂ ಅವತ್ತು ಅದನ್ನು ತಮಾಷೆ ಅಂತಲೇ ನೋಡಿದ್ದು. ಆಮೇಲೆ ಅವನು ತನ್ನ ಚಾಂಪಿಯನ್‌ಶಿಪ್ ಉಂಗುರವನ್ನೇ ಲಾಟರಿಗೆ ಇಟ್ಟು, ಬಂದ ದುಡ್ಡನ್ನು ಮಾನಸಿಕ ಆರೋಗ್ಯದ ಕೆಲಸಕ್ಕೆ ಕೊಟ್ಟ. ಮೈಂಡ್‌ಸೆಟ್ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಕಂಪನಿಗಳು ಮನಸ್ಸು ಕೆಟ್ಟಾಗ ಡಾಕ್ಟರ ಹತ್ತಿರ ಹೋಗಿ ಅಂತ ಒಂದು ಸ್ಲೈಡ್ ಹಾಕಿದ್ದನ್ನು ನಾನು ಇದುವರೆಗೂ ನೋಡಿಲ್ಲ.

2016ರ ಏಳನೇ ಮ್ಯಾಚ್ ನಿಮ್ಮಲ್ಲಿ ತುಂಬಾ ಜನ ನೋಡಿರುತ್ತೀರಿ, ನಮಗೆ ಬೆಳಿಗ್ಗೆ ತಿಂಡಿ ಹೊತ್ತಿಗೆ ಬಂತು. ಕ್ಲೀವ್‌ಲ್ಯಾಂಡ್, ಗೋಲ್ಡನ್ ಸ್ಟೇಟ್. ಆ ಸೀಸನ್‌ನಲ್ಲಿ 73 ಮ್ಯಾಚ್ ಗೆದ್ದ ತಂಡ ಗೋಲ್ಡನ್ ಸ್ಟೇಟ್, ಸರಣಿಯಲ್ಲೂ 3-1 ಮುಂದಿತ್ತು. ಕೊನೇ ಮ್ಯಾಚ್ 89-89ರಲ್ಲಿ ಸಿಕ್ಕಿಹಾಕಿಕೊಂಡಿತು. ನಿಮಿಷಗಟ್ಟಲೆ ಯಾರಿಗೂ ಬ್ಯಾಸ್ಕೆಟ್ ಬೀಳುತ್ತಿಲ್ಲ. ಕ್ಲೀವ್‌ಲ್ಯಾಂಡ್‌ನ ಕೈರಿ ಇರ್ವಿಂಗ್ ಮಿಸ್ ಮಾಡಿದ, ಗೋಲ್ಡನ್ ಸ್ಟೇಟ್‌ನ ಇಗುಡಾಲ ಬಾಲ್ ಹಿಡಿದು ಓಡಿದ, ಜೊತೆಯ ಸ್ಟೆಫನ್ ಕರಿಗೆ ಕೊಟ್ಟು ವಾಪಸ್ ತೆಗೆದುಕೊಂಡ, ಎದುರಿಗೆ ಲೇಅಪ್, ಅಂದರೆ ಬ್ಯಾಸ್ಕೆಟ್ ಪಕ್ಕದಿಂದಲೇ ಸುಲಭದ ಶಾಟ್. ಹಿಂದಿನಿಂದ ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್ ಜೇಮ್ಸ್ ಬಂದು ಬೋರ್ಡಿಗೆ ಒತ್ತಿ ಬ್ಲಾಕ್ ಮಾಡಿದ. ಆ ಫೋಟೋ ಎಲ್ಲರ ಹತ್ತಿರ ಇದೆ. ಆದರೆ ಆ ವಿಡಿಯೋ ಮತ್ತೆ ನಿಧಾನವಾಗಿ ನೋಡಿ. ಲೆಬ್ರಾನ್ ತಂಡದ ಜೆ.ಆರ್. ಸ್ಮಿತ್ ಮುಂದೆ ಹಾರದೇ ಇದ್ದಿದ್ದರೆ ಇಗುಡಾಲ ಗಾಳಿಯಲ್ಲಿ ತಡವರಿಸುತ್ತಿರಲಿಲ್ಲ, ಆ ಚೂರು ತಡ ಆಗದಿದ್ದರೆ ಲೆಬ್ರಾನ್ ತಲುಪುತ್ತಿರಲಿಲ್ಲ. ಸ್ಮಿತ್ ಕೈಗೆ ಬಾಲ್ ತಾಗಲೇ ಇಲ್ಲ, ಹಾಗಾಗಿ ಶೀಟಿನಲ್ಲಿ ಏನೂ ಬರೆಯಲಿಲ್ಲ. ಆಮೇಲೆ ಇರ್ವಿಂಗ್‌ನ ಮೂರು ಪಾಯಿಂಟ್. ಅದಾದ ಮೇಲೆ ಬಾಲ್ ಕರಿ ಕೈಯಲ್ಲಿ, ಎದುರಿಗೆ ಕ್ಲೀವ್‌ಲ್ಯಾಂಡ್‌ನ ಕೆವಿನ್ ಲವ್. ಲವ್ ದೊಡ್ಡ ಮೈಯವನು, ಡಿಫೆನ್ಸ್ ಅವನ ಬಲ ಅಲ್ಲ. ಲೋಕದ ಅತಿ ದೊಡ್ಡ ಶೂಟರ್ ಅವನ ಮುಂದೆ ಆ ಕಡೆ ಈ ಕಡೆ ಕುಣಿಯುತ್ತಿದ್ದಾನೆ. ಲವ್ ಕಾಲು ಜರುಗಿಸಿದ, ಕೈ ಎತ್ತಿದ, ಮತ್ತೆ ಜರುಗಿಸಿದ, ಬಿಡಲಿಲ್ಲ. ಕರಿ ಎಸೆದದ್ದು ಬೀಳಲಿಲ್ಲ, ಕ್ಲೀವ್‌ಲ್ಯಾಂಡ್ ಗೆದ್ದಿತು. ನನ್ನ ಕೇಳಿದರೆ ಆ ಮ್ಯಾಚಿನಲ್ಲಿ ನನಗೆ ಅತಿ ಇಷ್ಟವಾದ ಗಳಿಗೆ ಅದೇ. ಜೀವಮಾನವಿಡೀ ಅವನ ಮೇಲೆ ಇದ್ದ ದೂರು ಯಾವುದೋ ಅದೇ ಕೆಲಸ ಅವನ ಪಾಲಿಗೆ ಬಂತು, ಅವನು ಮಾಡಿದ.

ಜೋರ್ಡಾನ್ ಬಗ್ಗೆ ಹೇಳದಿದ್ದರೆ ಬೈಸಿಕೊಳ್ಳುತ್ತೇನೆ. ಜೋರ್ಡಾನ್ ದೊಡ್ಡವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ 1988, 89, 90, ಮೂರು ವರ್ಷ ಸತತವಾಗಿ ಡೆಟ್ರಾಯ್ಟ್ ಎದುರು ಸೋತ. ಲೀಗ್‌ನಲ್ಲಿ ಅತಿ ಹೆಚ್ಚು ಸ್ಕೋರ್ ಮಾಡುತ್ತಿದ್ದವನೂ ಅವನೇ, ಸೋಲುತ್ತಿದ್ದವನೂ ಅವನೇ. ಆಮೇಲೆ ಬಂದ ಆರು ಚಾಂಪಿಯನ್‌ಶಿಪ್‌ಗಳಲ್ಲಿ 1993ರದ್ದನ್ನು ಮುಗಿಸಿದ್ದು ಜೊತೆಯ ಜಾನ್ ಪ್ಯಾಕ್ಸನ್‌ನ ಶಾಟ್. 1997ರದ್ದು ಇನ್ನೊಬ್ಬ ಜೊತೆಗಾರ ಸ್ಟೀವ್ ಕೆರ್ ಶಾಟ್. ಆ ಟೈಮ್‌ಔಟ್‌ನಲ್ಲಿ ಜೋರ್ಡಾನ್ ಕೆರ್‌ಗೆ ಮುಂಚೆಯೇ ಹೇಳಿದ್ದ, ಎದುರು ತಂಡದ ಸ್ಟಾಕ್ಟನ್ ನಿನ್ನನ್ನು ಬಿಟ್ಟು ನನ್ನ ಮೇಲೆ ಬರುತ್ತಾನೆ, ರೆಡಿ ಇರು ಅಂತ. ಹಾಗೇ ಆಯಿತು. ಈ ಕೆರ್‌ಗೇ ಜೋರ್ಡಾನ್ 1995ರಲ್ಲಿ ಪ್ರಾಕ್ಟೀಸ್‌ನಲ್ಲಿ ಮುಖಕ್ಕೆ ಗುದ್ದಿದ್ದ, ಆಮೇಲೆ ಫೋನ್ ಮಾಡಿ ಸಾರಿ ಕೇಳಿದ್ದ.

ನನಗೆ ಸಿಟ್ಟು ಬರುವುದು ಇಲ್ಲೇ. ನಮ್ಮ ಕಡೆ ಕೆಲವು ಕೋಚ್‌ಗಳು ಜೋರ್ಡಾನ್‌ನಿಂದ ಕಲಿತಿರುವುದು ಆ ಗುದ್ದನ್ನು ಮಾತ್ರ. ಹನ್ನೆರಡು ವರ್ಷದ ಮಕ್ಕಳ ಮೇಲೆ ಕಿರುಚುತ್ತಾರೆ, ಎಲ್ಲರೆದುರು ಮರ್ಯಾದೆ ತೆಗೆಯುತ್ತಾರೆ, ಕೇಳಿದರೆ ಗೆಲ್ಲುವ ಕಿಚ್ಚು ಹಚ್ಚುತ್ತಿದ್ದೇನೆ ಅನ್ನುತ್ತಾರೆ. ಬೈದರೆ ಮಗು ಓಡುತ್ತದೆ, ನಿಜ. ಆದರೆ ಬೈಸಿಕೊಂಡ ಮಗು ಕೊನೇ ನಿಮಿಷದಲ್ಲಿ ಬಾಲ್ ಬೇಡ ಅಂತ ಹಿಂದೆ ಸರಿಯುತ್ತದೆ. ನಾನು ಅದನ್ನು ಬೇಕಾದಷ್ಟು ಸಲ ಕಣ್ಣಾರೆ ನೋಡಿದ್ದೇನೆ. ಜೋರ್ಡಾನ್‌ನಿಂದ ಕದಿಯುವುದಾದರೆ ಕೆರ್‌ಗೆ ಕೊಟ್ಟ ಆ ಪಾಸ್ ಕದಿಯಿರಿ ಸ್ವಾಮಿ.

ಸೋಲಿನ ಬಗ್ಗೆ ಹೇಳುವಾಗ ಸ್ಯಾನ್ ಆಂಟೋನಿಯೋ ಸ್ಪರ್ಸ್ ಸಾಕು. 2013ರ ಫೈನಲ್ಸ್‌ನ ಆರನೇ ಮ್ಯಾಚ್, ಗೆದ್ದರೆ ಚಾಂಪಿಯನ್. ಇನ್ನು 28 ಸೆಕೆಂಡ್, 5 ಪಾಯಿಂಟ್ ಮುಂದೆ. ಸಮಾರಂಭಕ್ಕೆ ಕೋರ್ಟಿನ ಸುತ್ತ ಹಳದಿ ಹಗ್ಗ ತರಲು ಶುರು ಮಾಡಿದ್ದರು. ಆಗ ಎದುರಿನ ಮಯಾಮಿ ತಂಡದಲ್ಲಿದ್ದ ಲೆಬ್ರಾನ್ ಒಂದು ಮೂರು ಪಾಯಿಂಟ್ ಹಾಕಿದ, ಇನ್ನೊಂದು ತಪ್ಪಿಸಿದ. ಕ್ರಿಸ್ ಬಾಶ್ ರಿಬೌಂಡ್ ಹಿಡಿದು ಕಾರ್ನರ್‌ಗೆ ಓಡುತ್ತಿದ್ದ ರೇ ಅಲೆನ್‌ಗೆ ಕೊಟ್ಟ, 5.2 ಸೆಕೆಂಡ್ ಇರುವಾಗ ಸ್ಕೋರ್ ಸಮ. ಅಲೆನ್ ಹಿಮ್ಮುಖವಾಗಿ ಓಡಿ ಕಾರ್ನರ್ ಮುಟ್ಟಿ ಶೂಟ್ ಮಾಡುವುದನ್ನೇ ವರ್ಷಗಟ್ಟಲೆ ಪ್ರಾಕ್ಟೀಸ್ ಮಾಡುತ್ತಿದ್ದವನು, ನೆಲದ ಮೇಲೆ ಮಲಗಿ ಎದ್ದು, ಹಿಂದೆ ಹಿಂದೆ ಓಡಿ. ನೋಡಿದವರಿಗೆ ಹುಚ್ಚು ಅನಿಸಬೇಕು. ಸ್ಪರ್ಸ್ ಆ ಮ್ಯಾಚೂ ಸೋತಿತು, ಏಳನೆಯದೂ ಸೋತಿತು.

ಅಂಥ ಸೋಲು ಹೇಗಿರುತ್ತೆ ಅಂತ ಆಡಿದವರಿಗೆ ಗೊತ್ತು. ರಾತ್ರಿ ಮಲಗಿದರೆ ಚಾವಣಿ ಮೇಲೆ ಅದೇ ಆಟ ಓಡುತ್ತಿರುತ್ತದೆ. ಹೆಚ್ಚಿನವರು ಮರೆಯಲು ನೋಡುತ್ತಾರೆ. ಕೋಚ್ ಪೊಪೊವಿಚ್ ಮುಂದಿನ ಸೀಸನ್ ತರಬೇತಿ ಶುರುವಾದಾಗ ಆ ಮ್ಯಾಚಿನ ವಿಡಿಯೋವನ್ನೇ ಹಾಕಿ ತೋರಿಸಿದರು. ಯಾರು ಎಲ್ಲಿ ತಪ್ಪಿದರು, ನೋಡಿ, ಆಯಿತು, ಏಳಿ. ಆ ವರ್ಷ ಸ್ಪರ್ಸ್‌ನಲ್ಲಿ ಒಬ್ಬನೂ ಸರಾಸರಿ 30 ನಿಮಿಷ ಆಡಲಿಲ್ಲ, ಆಟ ಅಷ್ಟು ಹಂಚಿಹೋಗಿತ್ತು. 2014ರಲ್ಲಿ ಮತ್ತೆ ಅದೇ ಮಯಾಮಿ ಎದುರಿಗೆ. 4-1, ಗೆದ್ದ ನಾಲ್ಕೂ ಮ್ಯಾಚ್ 15 ಪಾಯಿಂಟ್ ಅಥವಾ ಹೆಚ್ಚಿನ ಅಂತರದಲ್ಲಿ. ಆ ಪಾಸಿಂಗ್ ಇದೆಯಲ್ಲ, ಒಳ್ಳೇ ಶಾಟ್ ಸಿಕ್ಕರೂ ಬಿಟ್ಟು ಇನ್ನೂ ಒಳ್ಳೇ ಜಾಗದಲ್ಲಿರುವವನಿಗೆ ಕೊಡುವುದು, ನಮ್ಮ ಶಿಬಿರದಲ್ಲಿ ಆ ಸರಣಿಯ ತುಣುಕುಗಳನ್ನು ನಾನು ಇವತ್ತಿಗೂ ತೋರಿಸುತ್ತೇನೆ. ಮಕ್ಕಳು ಆಕಳಿಸುತ್ತಾರೆ, ಡಂಕ್ ಇಲ್ಲ ಅಂತ. ಆಕಳಿಸಲಿ.

ಹಾಗಂತ ಮನಸ್ಸೊಂದಿದ್ದರೆ ಎಲ್ಲಾ ಆಗುತ್ತೆ ಅಂತ ನಾನು ಹೇಳಲ್ಲ. ಜೆರ್ರಿ ವೆಸ್ಟ್‌ಗೆ ಇಲ್ಲದ ಮನಸ್ಸೇ? ಒಂಬತ್ತು ಸಲ ಫೈನಲ್ಸ್ ಆಡಿ ಎಂಟು ಸಲ ಸೋತರು. 2019ರಲ್ಲಿ ಫಿಲಡೆಲ್ಫಿಯಾ ವಿರುದ್ಧ ಟೊರಾಂಟೋದ ಕವಾಯ್ ಲೆನಾರ್ಡ್ ಎಸೆದ ಕೊನೇ ಬಾಲ್ ರಿಮ್ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬಿತ್ತು. ಹೊರಗೆ ಬೀಳಬಹುದಿತ್ತು. ಫೈನಲ್ಸ್‌ನಲ್ಲಿ ಎದುರು ತಂಡದ ಡ್ಯುರಾಂಟ್, ಕ್ಲೇ ಥಾಂಪ್ಸನ್ ಇಬ್ಬರೂ ಗಾಯವಾಗಿ ಹೊರಗೆ ಹೋದರು. ಟೊರಾಂಟೋ ಚಾಂಪಿಯನ್. ಅರ್ಹತೆ ಇರಲಿಲ್ಲ ಅಂತಲ್ಲ, ಅದೃಷ್ಟವೂ ಒಂದು ಆಟಗಾರ ಅಷ್ಟೇ. ಗೆದ್ದವನ ದಿನಚರಿ ಹುಡುಕಿ, ಅದನ್ನೇ ಸೂತ್ರ ಮಾಡಿ ಮಾರುವವರು ಆ ನಾಲ್ಕು ಪುಟಿತಗಳ ಬಗ್ಗೆ ಬಾಯಿ ಬಿಡುವುದಿಲ್ಲ.

ನಿಕೋಲಾ ಯೋಕಿಚ್ ನನಗೆ ಅದಕ್ಕೇ ಇಷ್ಟ. 2014ರಲ್ಲಿ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವಾಗ, 41ನೆಯವನಾಗಿ ಆಯ್ಕೆಯಾದ. ಹೆಸರು ಬರುವ ಹೊತ್ತಿಗೆ ಟಿವಿಯಲ್ಲಿ ತಿಂಡಿ ಅಂಗಡಿಯ ಜಾಹೀರಾತು ಓಡುತ್ತಿತ್ತು. 2023ರಲ್ಲಿ ಡೆನ್ವರ್‌ಗೆ ಮೊದಲ ಚಾಂಪಿಯನ್‌ಶಿಪ್ ತಂದುಕೊಟ್ಟ. ಗೆದ್ದ ಮೇಲೆ ಮೈಕ್ ಹಿಡಿದರೆ, ಕೆಲಸ ಮುಗಿಯಿತು, ಇನ್ನು ಮನೆಗೆ ಹೋಗಬಹುದು ಅಂದ. ವಿಜಯದ ಮೆರವಣಿಗೆ ಗುರುವಾರ ಅಂತ ಗೊತ್ತಾದಾಗ ಮುಖ ಸಪ್ಪೆ. ಸರ್ಬಿಯಾದಲ್ಲಿ ಅವನ ಕುದುರೆಗಳ ರೇಸ್ ಇತ್ತು.

ಇನ್ನು ಜೋರ್ಡಾನ್ ದೊಡ್ಡವನಾ ಲೆಬ್ರಾನ್ ದೊಡ್ಡವನಾ ಅನ್ನುವ ಜಗಳಕ್ಕೆ ನನ್ನನ್ನು ಟ್ಯಾಗ್ ಮಾಡಬೇಡಿ. ನಾನು ರಸೆಲ್ ಅನ್ನುತ್ತೇನೆ, ನಿಮಗೆ ಸಿಟ್ಟು ಬರುತ್ತೆ, ಸುಮ್ನೆ ಯಾಕೆ.